ಡೀಸೆಲ್ ಶ್ರುತಿ

ರೆಕಾರ್ಡಿನ ಹೊದಿಕೆಯ ಮೇಲೆ ನಾಲ್ವರಿದ್ದಾರೆ,
ಕಿತ್ತಳೆ ಅಂಗಿ, ಅಗಲ ಕಾಲಿನ ಪ್ಯಾಂಟು,
ಹಿಂದೆ ಉಕಾಯಾಲಿ ನದಿ.
ಎಡತುದಿಯಲ್ಲಿ ಒಂದು ಮೊಣಕೈ ಕಾಣುತ್ತದಲ್ಲ,
ಅದು ನನ್ನದು.
ಯಂತ್ರ ನಿಂತೀತೆಂದು ಓಡುತ್ತಿದ್ದೆ.

ಪುಕಾಲ್ಪಾದ ನಮ್ಮ ಕೇರಿಗೆ ಆಗ ಕರೆಂಟಿಲ್ಲ.
ಮರ ಕೊಯ್ಯುವ ಮಿಲ್ಲಿನವರು ಬೇಡವೆಂದು ಕೊಟ್ಟ ಜನರೇಟರು
ಹಗ್ಗ ಎಳೆದರೆ ಕೆಮ್ಮಿ, ಉಗಿದು,
ಮೂರನೇ ಎಳೆತಕ್ಕೆ
ಗುಂಯ್.

ಸತುರ್ನಿನೊ ಬೆಟ್ಟದಿಂದ ಇಳಿದು ಬಂದವನು.
ಅವನ ಗಿಟಾರಿಗೆ ಗೊತ್ತಿದ್ದದ್ದು ಐದೇ ಸ್ವರ,
ಐದೂ ಅಳುತ್ತಿದ್ದವು.
ಟುವಾನಾಮಾ ರೇಡಿಯೊದ ಶಿಷ್ಯ.
ನಡುರಾತ್ರಿ ಗಾಳಿ ತಿರುಗಿದರೆ ಹವಾನಾ ಸಿಗುತ್ತಿತ್ತಂತೆ,
ಅರ್ಧ ಹಾಡು, ಇನ್ನರ್ಧ ಗೊರಗೊರ.
ಗೊರಗೊರವೂ ಹಾಡೇ ಎಂದುಕೊಂಡು
ಬಾಸ್ ತಂತಿಯ ಮೇಲೆ ಎರಡನ್ನೂ ಕಲಿತಿದ್ದ.
ನೆಲಿದಾ ಇಗರ್ಜಿಯಿಂದ ಬಂದಳು;
ಎಂಥ ಕುಣಿತದ ಹಾಡನ್ನೂ ಆಮೆನ್‌ನಲ್ಲೇ ಮುಗಿಸುವಳು.
ವಿಲ್ದೆರ್ ಪಿಂಚಿ ಪಟಾಲಮಿನ ಡೋಲಿನವ,
ಅವನು ಬಾರಿಸಿದರೆ
ಕುಣಿಯಬೇಕಾದವರು ಸಾಲುಗಟ್ಟಿ ನಿಲ್ಲುತ್ತಿದ್ದರು.

ಎತ್ತು ಏರಿಗೆ, ಕೋಣ ನೀರಿಗೆ.
ಎಂಟು ವಾರ ನಾಯಿಯೂ ಆ ಶೆಡ್ಡಿನತ್ತ ಸುಳಿಯಲಿಲ್ಲ.
ಶ್ರುತಿ ಯಾರದೆಂದು ಜಗಳ.
ಅವನಿಗೆ ತನ್ನೂರ ಕೊಳಲು, ಇವಳಿಗೆ ದೇವರ ಪೆಟ್ಟಿಗೆ,
ಪಿಂಚಿಗೆ ಶ್ರುತಿಯೇ ಬೇಡ, ಹೆಜ್ಜೆ ಇದ್ದರೆ ಸಾಕು.
ಒಂದು ರಾತ್ರಿ ಬಿರಡೆ ತಿರುಗಿಸಿ ತಿರುಗಿಸಿ
ಬೆರಳು ನೊಂದು, ಬಾಯಿ ಸೋತು,
ಎಲ್ಲರೂ ಸುಮ್ಮನಾದರು.

ಸುಮ್ಮನಾಗದೆ ಉಳಿದದ್ದು ಒಂದೇ.

ಟುವಾನಾಮಾ ತಲೆಯೆತ್ತಿದ.
ಯಾವ ಪುಸ್ತಕದಲ್ಲೂ ಇಲ್ಲದ ಸ್ವರ,
ಎರಡು ಮನೆಗಳ ನಡುವಿನ ಸಂದಿಯಲ್ಲಿ
ಬೀಡಿ ಸೇದುತ್ತ ನಿಂತವನಂಥದ್ದು.
ನಾಲ್ವರೂ ಅದರೊಳಕ್ಕೆ ಇಳಿದರು, ನದಿಗಿಳಿಯುವ ಹಾಗೆ,
ಮೊದಲು ಹೆಬ್ಬೆರಳು, ಆಮೇಲೆ ಮೊಣಕಾಲು.
ನೆಲಿದಾಳ ಆರ್ಗನ್ನಿಗೆ ಇಳಿಯುವ ಕಷ್ಟವೂ ಇರಲಿಲ್ಲ,
ಅದು ಉಣ್ಣುತ್ತಿದ್ದದ್ದೇ ನನ್ನ ಯಂತ್ರದ ಕೈತುತ್ತು.

ಬಾರಿನವನು ಇನ್ನೊಂದು ದೀಪ ಹಚ್ಚಿದರೆ
ಯಂತ್ರ ನರಳಿ ಸ್ವರ ಕುಗ್ಗುತ್ತಿತ್ತು, ಇವರೂ ಕುಗ್ಗುವರು.
ನಡುರಾತ್ರಿ ದಾಟಿದ ಮೇಲೆ ಹಾಡು ಮೆಲ್ಲಗೆ ಜಾರಿ,
ಜಾರಿ, ಜೋಡಿಗಳು ಒಬ್ಬರಿಗೊಬ್ಬರು ಒರಗಿಕೊಳ್ಳುವಷ್ಟು ನಿಧಾನ.
ಪೇಟೆಯ ಪತ್ರಿಕೆಯವನೊಬ್ಬ ಅದನ್ನು
ಕಾಡಿನ ವಿಷಾದ ಎಂದು ಬರೆದ.
ಟ್ಯಾಂಕಿನಲ್ಲಿ ಡೀಸೆಲ್ ಮುಗಿಯುತ್ತಿತ್ತು, ಅಷ್ಟೇ.
ಬಂದ ದುಡ್ಡಿನಲ್ಲಿ ಐದು ಪಾಲು, ಐದನೆಯದು ಡೀಸೆಲಿಗೆ.
ನನಗೆ ಕರಿದ ಬಾಳೆ.

ಲೀಮಾಗೆ ಹೋದೆವು. ಸ್ಟುಡಿಯೊದ ಗೋಡೆಗೆಲ್ಲ ಹಾಸಿಗೆ.
ಇಷ್ಟೊಂದು ಮೌನವನ್ನು ಯಾರು, ಯಾಕೆ ಕಟ್ಟಿಸುತ್ತಾರೆ?
ಒಂದನೆಯ ಸಲ, ಏಳನೆಯ ಸಲ,
ಕೊಟ್ಟಿಗೆ ಮರೆತ ದನಗಳ ಹಾಗೆ ನಾಲ್ವರೂ ದಿಕ್ಕುದಿಕ್ಕಿಗೆ.
ನೆಲಿದಾ ನನ್ನ ತೋಳು ಹಿಡಿದು ಒಳಗೆಳೆದಳು:
'ನೀನು ಯಂತ್ರವಾಗು.'

ಬಾಯಿ ಮುಚ್ಚಿ, ಕಣ್ಣು ಮುಚ್ಚಿ, ಗುಂಯ್ ಎಂದೆ.
ಮೂಗಿನ ಮೂಳೆ ನಡುಗಿತು.
ಪಿಂಚಿಯ ಕೋಲು ಮೊದಲ ಬಾರಿ ತಡವರಿಸಿ ಕುಣಿಯಿತು.
ಕೊನೆಯಲ್ಲಿ ಉಸಿರು ಸಾಲದೆ ಸ್ವರ ಜಾರಿತು,
ನಾಲ್ವರೂ ನನ್ನೊಂದಿಗೇ ಜಾರಿದರು.
ಎಂಜಿನಿಯರು ಗಾಜಿನಾಚೆ ಗುಂಡಿ ಒತ್ತಿ
'ಏನೋ ಸದ್ದು ಸೇರಿಕೊಂಡಿದೆ, ತೆಗೆಯಲೇ?' ಎಂದ.
ಸತುರ್ನಿನೊ ಅವನನ್ನು ನೋಡಿದ ನೋಟ ಈಗಲೂ ನೆನಪಿದೆ.

ಈಗ ಕಂಬ ಬಂದಿದೆ, ತಂತಿ ಬಂದಿದೆ,
ಜನರೇಟರಿನ ಹೊಟ್ಟೆಯಲ್ಲಿ ಕೋಳಿ ಮೊಟ್ಟೆಯಿಡುತ್ತದೆ.
ಮೊನ್ನೆ ಮೂವರು ಹುಡುಗರು, ಒಬ್ಬಳು ಹುಡುಗಿ
ರೆಕಾರ್ಡು ಹಿಡಿದು ಬಂದರು. 'ಅಜ್ಜಾ, ಈ ಹಿಂದಿನ ಸದ್ದು ಯಾವ ವಾದ್ಯ?
ನಮಗೂ ಅದೇ ಬೇಕು.'
ಹೇಳಿ ಮುಗಿಸುವ ಮೊದಲೇ ತಮ್ಮತಮ್ಮಲ್ಲಿ ಜಗಳ,
ಒಬ್ಬನಿಗೆ ರಾಕ್, ಒಬ್ಬಳಿಗೆ ಅಜ್ಜಿಯ ಶಿಪಿಬೊ ಹಾಡು,
ಇನ್ನಿಬ್ಬರಿಗೆ ಏನು ಬೇಕೆಂದು ಅವರಿಗೇ ತಿಳಿಯದು.

ಅವರ ಬೆನ್ನ ಹಿಂದೆ ಸೋಡಾ ಅಂಗಡಿಯ ಹಳೇ ಫ್ರಿಜ್ಜು
ಸಣ್ಣಗೆ ಏನೋ ಗುನುಗುತ್ತಿತ್ತು.

ನಾನು ಹೇಳಲಿಲ್ಲ.